ಪಿಸ್ತೂಲು ಮೇಸ್ತ್ರಿ ಲಿಗೋರಿ

ನಮ್ಮ ಶೂಟಿಂಗ್ ಕ್ಲಬ್ಬಿನ ಪಿಸ್ತೂಲು ಮೇಸ್ತ್ರಿ ಲಿಗೋರಿಯಷ್ಟು ಜಂಬದ ಮನುಷ್ಯ ಇಡೀ ಕುವೈತಿನಲ್ಲಿ ಸಿಗಲಿಕ್ಕಿಲ್ಲ. ಹೊಸ ಪಿಸ್ತೂಲು ಬಂದರೆ ಸತ್ತ ಇಲಿಯನ್ನು ಎತ್ತಿದ ಹಾಗೆ ಎತ್ತಿ, “ಇದರಲ್ಲಿ ಎದುರು ನಿಂತ ಒಂಟೆಗೂ ಗುಂಡು ತಾಗುದಿಲ್ಲ ಮಾರಾಯ” ಅನ್ನುತ್ತಾನೆ. ಆಮೇಲೆ ಎರಡು ತಿಂಗಳು ಅದರ ನಳಿಗೆ ಬಿಗಿ ಮಾಡುತ್ತಾ, ಟ್ರಿಗರ್ ಉಜ್ಜುತ್ತಾ ಕೂರುತ್ತಾನೆ. ಗಿರಾಕಿ “ಯಲ್ಲಾ, ಯಲ್ಲಾ, ಬೇಗ” ಎಂದು ಅರಚಿದರೂ ತಲೆ ಎತ್ತುವುದಿಲ್ಲ. ಕ್ಲಬ್ಬಿನ ಡ್ರೈವರ್ ನಾನು ಒಮ್ಮೆ ಅವನ ಉಜ್ಜುವ ಅರ ಮುಟ್ಟಿದ್ದಕ್ಕೆ, “ಅದು ನಿನ್ನ ಸ್ಟೇರಿಂಗ್ ಅಲ್ಲ, ಕೈ ತೆಗಿ!” ಎಂದು ಎಲ್ಲರೆದುರು ಬೈದ ಭೂಪ. ಕಳೆದ ತಿಂಗಳು ಮೆಸ್ಸಿನಲ್ಲಿ ಬಲಗೈಯ ಎರಡು ಬೆರಳು ಮಡಚಿ ಟೇಪು ಸುತ್ತಿಕೊಂಡು, ಅನ್ನ ಚೆಲ್ಲುತ್ತಾ ಉಣ್ಣುತ್ತಿದ್ದ. “ಇದೆಂಥ ನಾಟಕ ಲಿಗೋರಿ ಪೊರ್ಬುಗಳೇ?” ಎಂದು ಉರಿದುಬಿದ್ದೆ. “ನಮ್ಮ ಕ್ಲಬ್ಬಿನ ಹಳೆ ಶೂಟರ್ ಅಬೂ ನಾಸರ್‌ಗೆ ಯುದ್ಧದಲ್ಲಿ ಹೋದದ್ದು ಈ ಎರಡು ಬೆರಳು. ಇಪ್ಪತ್ತು ವರ್ಷದ ಮೇಲೆ ಪುನಃ ಸ್ಪರ್ಧೆಗೆ ನಿಲ್ತಾರಂತೆ. ಮೂರು ಬೆರಳಲ್ಲಿ ಒಂದು ವಾರ ಬದುಕದೆ ಅವರ ಪಿಸ್ತೂಲಿಗೆ ಹಿಡಿ ಕೆತ್ತುದು ಹೇಗೆ?” ಎಂದ. ಸ್ಪರ್ಧೆಯ ದಿನ ನಾವೆಲ್ಲ ಗುರಿಹಲಗೆ ನೋಡುತ್ತಿದ್ದರೆ ಅವನು ಮುದುಕ ಅಬೂ ನಾಸರರ ಕೈಯನ್ನೇ ನೋಡುತ್ತಿದ್ದ. ಮೊದಲ ಗುಂಡು ಹಲಗೆಯ ಅಂಚಿಗೆ ತಾಗಿತು. ಲಿಗೋರಿ ಕಣ್ಣೊರೆಸಿಕೊಂಡು, “ಹಿಡಿ ಜಾರಲಿಲ್ಲ” ಎಂದ.