ಗುರುಲಿಂಗಪ್ಪನ ಅಂಗಾಲು

“ತಿಂಗಳಿಗೊಮ್ಮಿ ಮೈ ನೋಡ್ಕೋರಿ ಅಂತ ಡಾಕ್ಟರು ಹೇಳ್ಯಾರ. ನಾ ದಿನಾ ನೋಡ್ಕೋತೇನಿ. ಮುಂಜಾನೆ ಎದ್ದ ಕೂಡ್ಲೆ ಕನ್ನಡಿ ಮುಂದ ನಿಲ್ತೇನಿ. ಮಾರಿ ನೋಡ್ತೇನಿ, ಕುತ್ತಿಗಿ ನೋಡ್ತೇನಿ, ಎರಡೂ ಕೈ ಹೊಳ್ಳಿಸಿ ನೋಡ್ತೇನಿ. ಒಂದ ಮಚ್ಚಿ ಹೆಚ್ಚಾದ್ರ ನನ್ನ ಕಣ್ಣ ತಪ್ಪಿಸಿ ಎಲ್ಲಿ ಹೋದೀತು? ತೊಗರಿ ನೋಡಿ ನೋಡಿ ಹಣ್ಣಾದ ಕಣ್ಣಿವು. ಹುಳಾ ಹತ್ತಿದ ಕಾಳ ದೂರದಿಂದನ ಹೇಳ್ತೇನಿ. ನನ್ನ ಮೈ ನನಗ ತಿಳೀಲಿಲ್ಲಂದ್ರ ಇನ್ಯಾರಿಗೆ ತಿಳೀತೈತಿ?”

ಇದು ಪೇಟೆಯಲ್ಲಿ ಅಡತ ಅಂಗಡಿ ಇಟ್ಟು ತೊಗರಿ ದಲಾಲಿ ಮಾಡುವ ನನ್ನ ತಮ್ಮ ಗುರುಲಿಂಗಪ್ಪನ ಮಾತು. ನಾಲತವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದ. ಮುಖ ನೋಡಿಕೊಳ್ಳುತ್ತಾನಂತೆ. ರೋಗ ಬಂದದ್ದು ಅಂಗಾಲಿಗೆ.

ಎಡಗಾಲಿನ ಕಿರುಬೆರಳ ಬುಡದಲ್ಲಿ ಕರಿ ಮಚ್ಚೆ ಎದ್ದಾಗ, ಕಲ್ಲು ಚುಚ್ಚಿ ರಕ್ತ ಕಟ್ಟಿದೆ ಎಂದು ವರ್ಷಗಟ್ಟಲೆ ಅದರ ಮೇಲೇ ನಡೆದ. ವಿಜಯಪುರದ ಡಾಕ್ಟರು ಅದು ಚರ್ಮದ ಕ್ಯಾನ್ಸರು ಎಂದು ಹೇಳಿ, ಬೆರಳು ತೆಗೆದರು. ಆಸ್ಪತ್ರೆಯಿಂದ ಬಿಡುವಾಗ ತಿಳಿಸಿ ಹೇಳಿದರು: ಅಂಗಾಲು, ಬೆರಳ ಸಂದಿ, ಉಗುರು ನೋಡಿಕೊಳ್ಳಬೇಕು. ಬೆನ್ನು, ನೆತ್ತಿ ಮನೆಯವರು ನೋಡಬೇಕು. ತೊಡೆಯ ಸಂದಿಯಲ್ಲಿ ಗಂಟು ಇದೆಯೇ ಎಂದು ಒತ್ತಿ ನೋಡಬೇಕು. ಹೊಸ ಕಪ್ಪು ಕಂಡರೆ ಕೂಡಲೇ ಬರಬೇಕು. ಅವನ ಹೆಂಡತಿ ಜಯಮಾಲಾ, ನಾನು, ಇಬ್ಬರೂ ಕೇಳಿದೆವು. ಅವನೂ ಕೇಳಿದ. ಹೂಂ ಎಂದ.

ಮನೆಗೆ ಬಂದವನೇ ತನ್ನ ಒಡೆದ ಹಿಮ್ಮಡಿಗೆಂದು ಕೇರುಬೀಜ ಹುಡುಕಿದ. ಹಿಮ್ಮಡಿ ಒಡೆದರೆ ನಮ್ಮ ಕಡೆ ಇದೇ ಮದ್ದು. ಬೀಜವನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದು, ಜಿನುಗಿದ ಎಣ್ಣೆಯನ್ನು ಬಿರುಕಿಗೆ ಬಿಡುವುದು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದೂ ಅದರಿಂದಲೇ. ಚರ್ಮ ಸುಲಿದು ಬೀಳುವವರೆಗೆ ಆ ಕಪ್ಪು ಹೋಗದು. ಕಪ್ಪು ಹುಡುಕಬೇಕಾದ ಕಾಲಿಗೆ ಈ ಜಾಣ ತಾನೇ ಕಪ್ಪು ಬಳಿದುಕೊಂಡ.

ಅವನನ್ನು ಹೊಗಳಲು ನೆರೆಯ ಪರಮಾನಂದ ಬರುತ್ತಿದ್ದ. ಚಹಾ ಮುಗಿಯುವವರೆಗೆ ಹೊಗಳುತ್ತಿದ್ದ.

“ಇವರಂಗ ಮೈ ಕಾಳಜಿ ಮಾಡಾವ್ರು ಯಾರದಾರ ಬಿಡ್ರಿ,” ಎಂದ ಒಂದು ದಿನ.

“ತಮ್ಮಾ, ಮಾರಿ ನೋಡಿದ್ದು ಸಾಕು. ಅಂಗಾಲ ಎತ್ತು,” ಎಂದೆ.

“ಅಕ್ಕಾ, ಮಂದ್ಯಾಗ ಅಂಗಾಲ ತೋರಸ್ತಾರೇನು? ಹಿರ್ಯಾ ಮನಶ್ಯಾ ನಾ.”

“ಪ್ಯಾಟ್ಯಾಗ ಮಂದಿ ಚೀಲದ ತಳಕ್ಕ ಕೈ ಹಾಕ್ತಿ. ನಿನ್ನ ತಳಾ ಯಾರೂ ನೋಡಬಾರ್ದು.”

ಪರಮಾನಂದ ಚಹಾದ ಬಸಿಯಲ್ಲಿ ಮುಖ ಮುಚ್ಚಿಕೊಂಡ. ಗುರುಲಿಂಗಪ್ಪ ಕಾಲನ್ನು ಧೋತರದೊಳಗೆ ಎಳೆದುಕೊಂಡ.

ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಜಯಮಾಲಾ ನೋಡಿ ಬಂದಳು. “ಹಿಮ್ಮಡಿ ಎಲ್ಲಾ ಎಣ್ಣಿ ಕಲಿ ಅದಾವ್ರಿ ಅಕ್ಕಾರ. ಆದ್ರ ಕೊಯ್ದ ಗಾಯದ ಬಾಜೂಕ ಒಂದ ಕರೀದು ಬ್ಯಾರೆ ಕಾಣಾಕತ್ತೈತಿ.” ಕೇಳಿದ್ದಕ್ಕೆ ಅದೂ ಎಣ್ಣೆಯದೇ ಎಂದು ಹೆಂಡತಿಯನ್ನೇ ಗದರಿಸಿದ. ಸರಿ, ಎಣ್ಣೆ ನಿಲ್ಲಿಸಿ ನೋಡೋಣ ಎಂದು ನಾನು ಬೀಜಗಳನ್ನೆಲ್ಲ ತಿಪ್ಪೆಗೆ ಎಸೆದೆ.

ಹಿಮ್ಮಡಿಯ ಕಪ್ಪು ಸುಲಿಯತೊಡಗಿತು, ಗಾಯದ ಪಕ್ಕದ್ದು ಹಾಗೇ ಉಳಿಯಿತು. ಆಗೊಮ್ಮೆ ಹಿತ್ತಲಿಗೆ ಹೋದರೆ ನಮ್ಮ ಹಿರಿಯ ಮನುಷ್ಯ ಗೋಡೆಯ ಮರೆಯಲ್ಲಿ ದೀಪ ಹಚ್ಚಿಕೊಂಡು ಕೂತಿದ್ದ. ಎಲ್ಲಿಂದಲೋ ಬೀಜ ತಂದಿದ್ದ. ಎಣ್ಣೆ ಬಿಡುತ್ತಿದ್ದದ್ದು ಹಿಮ್ಮಡಿಗಲ್ಲ, ಗಾಯದ ಪಕ್ಕದ ಆ ಮಚ್ಚೆಯ ಸುತ್ತ.

“ಅಲ್ಲಿ ಬಿರುಕ ಎಲ್ಲೈತೋ?”

ಅವನು ದೀಪ ಆರಿಸಿದ. “ಡಾಕ್ಟರು ನೋಡಿದ್ರ ಈ ಸಲ ಕಾಲ ತಗೀತಾರ ಅಕ್ಕಾ.”

“ಡಾಕ್ಟರ ಕಣ್ಣಿಗೆ ಮಸಿ ಹಚ್ಚಾಕ ಹೊಂಟೀಯೇನು? ಅವರು ಮೋಸ ಹೋಗ್ಲಿ. ರೋಗ ನಿನ್ನ ಬಣ್ಣಾ ನೋಡಿ ಹೊಳ್ಳಿ ಹೋಗೂದಿಲ್ಲ.”

ಅವನು ಅತ್ತ. ನನಗೆ ಕನಿಕರ ಬರಲಿಲ್ಲ. ಆ ಕಪ್ಪು ಹೆಚ್ಚಾಗುವುದನ್ನು ನೋಡುತ್ತ ನೋಡುತ್ತಲೇ ಕಟ್ಟೆಯ ಮೇಲೆ ಕೂತು ಕನ್ನಡಿಯ ಕಥೆ ಹೇಳಿದವನು ಅವನು. ಮರುದಿನವೇ ಬಸ್ಸು ಹತ್ತಿಸಿದೆವು.

ಚೂರು ಕೊಯ್ದು ಪರೀಕ್ಷೆಗೆ ಕಳಿಸಿದರು. ಅದೇ ರೋಗ. ಆದರೆ ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಮಚ್ಚೆಯ ಸುತ್ತಲಿನ ಚರ್ಮ ತೆಗೆದು ತೊಡೆಯ ಚರ್ಮ ಹಚ್ಚಿದರು. ಕಾಲು ಉಳಿಯಿತು. ಇನ್ನಷ್ಟು ದಿನ ಬಣ್ಣ ಬಳಿಯುತ್ತ ಕೂತಿದ್ದರೆ ಕಾಲಷ್ಟೇ ಅಲ್ಲ, ಜೀವದ ಮಾತೇ ಆಗುತ್ತಿತ್ತು ಎಂದು ಡಾಕ್ಟರು ಬಯ್ದರು.

ಈಗ ಮತ್ತೆ ಕಟ್ಟೆಗೆ ಬಂದಿದ್ದಾನೆ. “ಎಲ್ಲಾರಿಗಿಂತ ಮೊದಲ ಕಂಡಾಂವ ನಾನ,” ಎನ್ನುತ್ತಾನೆ. ಪರಮಾನಂದ ಹೌದ್ರಿ ಹೌದ್ರಿ ಎನ್ನುತ್ತಾನೆ. ಅದು ಸುಳ್ಳಲ್ಲ. ನನಗೆ ಹೇಸಿಗೆ ಬರುವುದೂ ಅದಕ್ಕೇ.

ಅಮಾವಾಸ್ಯೆಗೆ ಅವನ ಅಡತ ಅಂಗಡಿ ಮುಚ್ಚಿರುತ್ತದೆ. ಅವತ್ತು ಮುಂಜಾನೆಯ ಬಿಸಿಲಿಗೆ ಅಂಗಳದಲ್ಲಿ ಕೂಡಿಸುತ್ತೇವೆ. ನಾನು ನೆತ್ತಿ, ಬೆನ್ನು ನೋಡುತ್ತೇನೆ. ಜಯಮಾಲಾ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಬಿಡಿಸಿ ನೋಡುತ್ತಾಳೆ. ಅವನು ಗೋಡೆಯ ಕಡೆ ಮುಖ ಮಾಡಿರುತ್ತಾನೆ.

“ಏನರ ಐತೇನು?” ಎಂದು ಈ ಸಲ ಸಣ್ಣಗೆ ಕೇಳಿದ.

“ಏನೂ ಇಲ್ಲ. ಅಲಗಾಡಬ್ಯಾಡ್ರಿ,” ಎಂದು ಅವಳು ಇನ್ನೊಂದು ಕಾಲು ಎತ್ತಿದಳು. ಅದನ್ನೂ ನೋಡಿ ಮುಗಿಸಿ, ಕೈ ತೊಳೆದು, ಒಳಗೆ ಹೋಗಿ ಜೋಳದ ಹಿಟ್ಟಿಗೆ ಬಿಸಿನೀರು ಸುರಿದು ನಾದತೊಡಗಿದಳು.