ಗಂಗಣ್ಣನ ದನಿಗೆ ಬರುವ ದೋಸೆ

ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದಾಗ ನನ್ನ ಹೊಟ್ಟೆಗೆ ನೀರು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಅದು ಉಪವಾಸವಲ್ಲ, ತಯಾರಿ. ಆ ಊರಿನ ಹೋಟೆಲುಗಳ ರುಚಿಯನ್ನು ಒಂದೇ ದಿನದಲ್ಲಿ ನೋಡಿ ಬರೆಯುತ್ತೇನೆಂದು ಜಂಬ ಕೊಚ್ಚಿಕೊಂಡಿದ್ದೆ. ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾದವರು ವೈರು ಜೋಡಿಸುವಷ್ಟು ಹೊತ್ತು ಮಿಮಿಕ್ರಿ ಮಾಡುವುದು ನನ್ನ ಕಸುಬು. ಊಟದ ಬಗ್ಗೆ ಬರೆಯಲು ನನಗಿರುವ ಅರ್ಹತೆ, ಎಲ್ಲ ಮದುವೆಗಳಲ್ಲೂ ಮೊದಲ ಪಂಕ್ತಿಯಲ್ಲಿ ಕೂತಿರುವುದಷ್ಟೇ.

ಮಧುರೆ ದಾಟುವಾಗ ಕಂಡಕ್ಟರನ ದನಿಯಲ್ಲಿ "ಒಳಗ್ ಹೋಗ್ರೀ, ಹಿಂದೆ ಖಾಲಿ ಐತೆ" ಎಂದೆ. ಜನ ನಿಜಕ್ಕೂ ಹಿಂದೆ ಸರಿದರು. ಕಂಡಕ್ಟರ್ ಮಾತ್ರ ತನ್ನ ಬಾಯಿ ಮುಟ್ಟಿ ನೋಡಿಕೊಂಡ.

ಬಸ್ ನಿಲ್ದಾಣದಲ್ಲಿ ಗೆಳೆಯ ಸಮೀರ್ ಕಾಯುತ್ತಿದ್ದ. ಅವನಪ್ಪನಿಗೆ ಅಲ್ಲಿ ರೇಷ್ಮೆ ನೂಲಿನ ಅಂಗಡಿಯಿದೆ. ಮೊದಲು ನನ್ನನ್ನು ಹೊಸ ಕೆಫೆಗೆ ಕರೆದೊಯ್ದ. ಗೋಡೆಗೆ ಪ್ಲಾಸ್ಟಿಕ್ ಹುಲ್ಲು, ಜಾಮ್ ಬಾಟಲಿಯಲ್ಲಿ ಕೋಲ್ಡ್ ಕಾಫಿ. ರುಚಿ ಕರಗಿದ ಐಸ್‌ಕ್ರೀಮಿನದು, ಬೆಲೆ ಕರಗದ್ದು.

"ಫೋಟೋ ತಕ್ಕೊಂಡಾಯ್ತಲ್ಲ, ನಡಿ ಗುರು, ತಿನ್ನೋ ಜಾಗಕ್ಕೆ ಹೋಗಣ," ಎಂದ ಸಮೀರ್.

ನೇಕಾರರ ಬೀದಿಯಲ್ಲಿ ಮೋಡ ಕವಿದಿತ್ತು. ಮನೆಮನೆಯೊಳಗೂ ಪವರ್‌ಲೂಮು ಓಡುತ್ತಿತ್ತು. ಆ ಸದ್ದು ಕಿವಿಗಿಂತ ಮೊದಲು ಚಪ್ಪಲಿಗೆ ತಿಳಿಯುತ್ತದೆ. ಬೋರ್ಡಿಲ್ಲದ ಹೋಟೆಲೊಂದರ ಬೆಂಚಿನಲ್ಲಿ ಕೂತೆವು. ಅಡುಗೆಮನೆಗೂ ನಮಗೂ ನಡುವೆ ಗೋಡೆ, ಗೋಡೆಯಲ್ಲಿ ತಟ್ಟೆ ತೂರುವಷ್ಟು ಕಿಂಡಿ.

ಪಕ್ಕದ ಬೆಂಚಿನಲ್ಲಿ ತಿನ್ನಲು ಕೂತಿದ್ದ ಲುಂಗಿಯ ಮುದುಕರೊಬ್ಬರು ತಲೆಯೆತ್ತಿ ಕೂಗಿದರು: "ಎರಡ್ ಖಾಲೀ... ಒಂದ್ ಮಸಾಲೇ... ಬರ್‍ಲೀ!"

ಗೋಡೆಯಾಚೆಯಿಂದ ಹೆಣ್ಣುದನಿ: "ಬಂತೂ!"

ಆಮೇಲೆ ಮೀಸೆ ಮೂಡದ ಹುಡುಗನೊಬ್ಬ ಕೂಗಿದ. ಅದೇ ದನಿ. ಬಾಗಿಲ ಬಳಿಯ ದಪ್ಪನೆಯವನು ಕೂಗಿದ. ಅದೇ ದನಿ, ಮೂಗಿನಲ್ಲಿ ಏರಿ ಎದೆಯಲ್ಲಿ ಇಳಿಯುವ ಅದೇ ರಾಗ. ಬೇರೆ ಬೇರೆ ಬಾಯಿಗಳು, ಮಾತಾಡುವವನು ಒಬ್ಬನೇ. ಊರವರನ್ನೆಲ್ಲ ಅಣಕಿಸಿ ಬದುಕುವ ನನ್ನ ಕೈಯ ಕೂದಲು ನಿಮಿರಿದವು.

"ಅದು ಗಂಗಣ್ಣನ ದನಿ," ಸಮೀರ್ ಪಿಸುಗುಟ್ಟಿದ. "ಇಲ್ಲಿ ಸಪ್ಲೈ ಮಾಡ್ತಿದ್ರು. ಒಳಗಿರೋದು ಅವರ ಹೆಂಡ್ತಿ, ಲಕ್ಷ್ಮಮ್ಮ. ಗಂಗಣ್ಣ ಹೋದ್ಮೇಲೆ ಬೇರೆ ದನೀಲಿ ಕೂಗಿದ್ರೆ ಕಾವಲಿ ಮೇಲೆ ಹಿಟ್ಟೇ ಬೀಳ್ತಿರ್ಲಿಲ್ಲ. ಅದಕ್ಕೇ ಎಲ್ರೂ ಹಿಂಗೆ ಕಲ್ತ್ರು."

ಹೊಟ್ಟೆಪಾಡಿಗೆ ಊರೇ ಮಿಮಿಕ್ರಿ ಕಲಿತಿತ್ತು. ನನಗೆ ಪೈಪೋಟಿ.

ಸಮೀರ್ ಸುಮ್ಮನಿರಲಿಲ್ಲ. "ಅಮ್ಮಾ, ಇವ್ನು ಯಾರ ದನಿ ಬೇಕಾದ್ರೂ ತೆಗೀತಾನೆ!" ಎಂದು ಕಿಂಡಿಗೆ ಹೇಳಿಯೇಬಿಟ್ಟ.

ಕಿಂಡಿಯಲ್ಲಿ ಲಕ್ಷ್ಮಮ್ಮನ ಮುಖ ಕಂಡಿತು. ನಗುವಿರಲಿಲ್ಲ. "ಇವ್ರು ಒಬ್ಬೊಬ್ರು ಒಂದೊಂಥರ ಕೂಗ್ತಾರಪ್ಪ. ಕೇಳೀ ಕೇಳೀ ನನ್ ಕಿವೀಲಿದ್ದ ಅವರ ದನೀನೇ ಅಳಿಸೋಗ್ತಾ ಐತೆ. ರಾತ್ರಿ ನೆನಪು ಮಾಡ್ಕೊಂಡ್ರೆ ಇವ್ರ ಗಂಟ್ಲೇ ಬರುತ್ತೆ, ಅವರ್ದು ಬರಲ್ಲ. ನಿನ್ ಕೈಲಾದ್ರೆ ಒಂದ್ ಸಲ ಕೂಗು."

"ನಾನು ಅವ್ರನ್ನ ನೋಡೇ ಇಲ್ವಲ್ಲಮ್ಮ."

"ಇವ್ರೆಲ್ಲ ನೋಡವ್ರೆ. ಏನ್ ಪ್ರಯೋಜನ?"

ಮುದುಕರ ನಡುಕ, ಹುಡುಗನ ಅವಸರ, ದಪ್ಪನೆಯವನ ಬಡಾಯಿ ಎಲ್ಲವನ್ನೂ ಮನಸ್ಸಿನಲ್ಲೇ ಕಳೆಯುತ್ತಾ ಹೋದೆ. ಉಳಿದದ್ದನ್ನು ಗಂಟಲಿಗೆ ತಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು.

"ಎರಡ್ ಖಾಲೀ... ಒಂದ್ ಮಸಾಲೇ... ಬರ್‍ಲೀ!"

ಕೂಗಿದ ಮೇಲೆ, ಒಳಗಿನ ಒಗ್ಗರಣೆ ಮೆಣಸಿನಕಾಯಿಯ ಘಾಟಿಗೆ, ಎರಡು ಸಲ ಕೆಮ್ಮಿದೆ.

ಯಾರೂ ಅಗಿಯಲಿಲ್ಲ. ಮುದುಕರ ಕೈಯ ತುತ್ತು ತಟ್ಟೆಗೆ ಬಿತ್ತು. "ಲೇ, ಆ ಕೆಮ್ಮು ನಿಂಗ್ಯಾರೋ ಹೇಳಿದ್ದು?" ಎಂದರು ಮೆಲ್ಲಗೆ. "ಅವನನ್ನ ತಗೊಂಡೋಗಿದ್ದೇ ಅದು. ಆಯಮ್ಮ ನೊಂದ್ಕೋತದೆ ಅಂತ ನಾವ್ಯಾರೂ ಕೆಮ್ತಿರ್ಲಿಲ್ಲ."

ಘಾಟು ಎಂದು ಹೇಳಲು ಬಾಯಿ ತೆರೆದೆ. ಕಿಂಡಿಯಲ್ಲಿ ಲಕ್ಷ್ಮಮ್ಮ ಕಣ್ಣು ಮುಚ್ಚಿ ನಿಂತಿದ್ದರು. ಬಾಯಿ ಮುಚ್ಚಿಕೊಂಡೆ.

"ಇದೇ," ಎಂದರು ಅವರು. "ನೀವೆಲ್ಲ ಕೆಮ್ಮು ಬಿಟ್ಟು ಕೂಗ್ತಿದ್ರಿ, ಅದಕ್ಕೇ ಸಿಗ್ತಿರ್ಲಿಲ್ಲ. ಸಾಕು. ಇವತ್ತಿಂದ ಯಾರೂ ಕೂಗ್ಬೇಡಿ. ನೀನೂ ಇದನ್ನ ಇನ್ನೆಲ್ಲೂ ಕೂಗ್ಬೇಡ, ಮಗಾ."

ದೋಸೆ ಬಂತು. ಅಂಚು ಗರಿ, ನಡು ಮೆತ್ತಗೆ, ಪಲ್ಯದಲ್ಲಿ ಶುಂಠಿ. ಇಷ್ಟು ಒಳ್ಳೆಯ ದೋಸೆಯನ್ನು ಇಷ್ಟು ಬೇಗ ತಿಂದು ಎದ್ದವನು ನಾನೊಬ್ಬನೇ ಇರಬೇಕು. ಸುತ್ತಲಿನವರು ಏನು ಬೇಕೆಂದು ಬೆರಳು ತೋರಿಸುತ್ತಿದ್ದರು. ಯಾರಿಗೂ ತಮ್ಮ ಸ್ವಂತ ದನಿ ಯಾವುದೆಂದು ನೆನಪಿದ್ದಂತೆ ಕಾಣಲಿಲ್ಲ.

"ಬಿರಿಯಾನಿ?" ಎಂದ ಸಮೀರ್ ಹೊರಗೆ ಬಂದು.

"ಬಸ್ಸು," ಎಂದೆ.

ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಮಗ್ಗಗಳು ಇನ್ನೂ ಓಡುತ್ತಿರಲಿಲ್ಲ, ಹಾಗಾಗಿ ಸ್ಪಷ್ಟವಾಗಿ ಕೇಳಿತು. ಕಿಂಡಿಯಾಚೆ ಲಕ್ಷ್ಮಮ್ಮ ಮೂಗಿನಲ್ಲಿ ಏರಿಸಿ, ಎದೆಯಲ್ಲಿ ಇಳಿಸಿ, ಒಂದು ಮಸಾಲೆ ಕೂಗಿದರು. ಎರಡು ಸಲ ಕೆಮ್ಮಿದರು. ಆಮೇಲೆ ತಮ್ಮದೇ ದನಿಯಲ್ಲಿ, ಹುಡುಗಿಯೊಬ್ಬಳು ಓಗೊಡುವ ಹಾಗೆ, "ಬಂತೂ!" ಎಂದರು.