ಕಂದು ಅಂಗಿಯ ಅಳತೆ

ನಮ್ಮ ಧಾರಾವಾಹಿಯಲ್ಲಿ ಗಗನನೌಕೆ ಹತ್ತಿದವರ ಹಣೆಬರಹ ಹಣೆಯ ಮೇಲಿರುವುದಿಲ್ಲ, ಅಂಗಿಯ ಮೇಲಿರುತ್ತದೆ. ನೀಲಿ ತೊಟ್ಟವರು ನೌಕೆ ನಡೆಸುತ್ತಾರೆ, ಹಸಿರಿನವರು ಮದ್ದು ಕೊಡುತ್ತಾರೆ, ಹಳದಿಯವರು ಯಂತ್ರದ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ಕಂದು ಅಂಗಿಯವರು ಕಾವಲುಗಾರರು. ನೌಕೆ ಹೊಸ ಗ್ರಹದಲ್ಲಿ ಇಳಿದರೆ ಸಾಕು, ಅವರಲ್ಲೊಬ್ಬ ಸಾಯಲೇಬೇಕು. ಸತ್ತವನು ಮತ್ತೆ ಯಾವ ಬಣ್ಣದಲ್ಲೂ ಬರುವಂತಿಲ್ಲ, ಅವನ ಕೆಲಸ ಅಲ್ಲಿಗೇ ಮುಗಿಯಿತು. ಹಿಂದೊಮ್ಮೆ ಸತ್ತವನೊಬ್ಬ ಹಸಿರು ತೊಟ್ಟು ಬಂದಾಗ ನೋಡುವವರು ಉಗಿದು ಉಪ್ಪಿನಕಾಯಿ ಹಾಕಿದ್ದರು.

ಈ ಅಂಗಿಗಳನ್ನೆಲ್ಲ ಹೊಲಿಯುವವಳು ಅಕ್ಕ. ಇಡೀ ಸ್ಟುಡಿಯೋಗೆ ಅವಳು ಅಕ್ಕನೇ, ಇಸ್ತ್ರಿ ಹಾಕುವ ನನಗೂ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬೈಯುವ ವಿದ್ಯೆ ಅವಳೊಬ್ಬಳಿಗೇ ಬರುತ್ತಿತ್ತು. ಒಡಹುಟ್ಟಿದ ತಮ್ಮನನ್ನು ಹಳದಿಗೆ ಸೇರಿಸಿದವಳೂ ಅವಳೇ. "ಮಾತಿಲ್ಲ, ಸಾವಿಲ್ಲ, ದಿನಾ ಕೆಲಸ ಇರುತ್ತೆ" ಅಂದಿದ್ದಳು. ಅವನ ಹೆಂಡತಿಗೆ ಆಗ ದಿನ ತುಂಬಿತ್ತು.

ಅವತ್ತು ಬೆಳಿಗ್ಗೆ ಸಹಾಯಕ ನಿರ್ದೇಶಕ ಓಡಿಬಂದ.

"ಅಕ್ಕಾ, ಇವತ್ತು ಸಾಯಬೇಕಿದ್ದ ಕಂದು ಅಂಗಿಯವನು ಕೈಕೊಟ್ಟ. ಹಳದಿಯವರಲ್ಲಿ ಯಾರಿಗೆ ಆ ಅಂಗಿ ಆಗುತ್ತೋ ಅವರಿಗೆ ಹಾಕ್ಬಿಡಿ. ಬೇಗ."

ಹಳದಿಯಲ್ಲಿದ್ದವರು ಇಬ್ಬರೇ: ತಮ್ಮ, ಮತ್ತೆ ಮೊದಲ ಕಂತಿನಿಂದಲೂ ನಿಂತಿದ್ದ ತಾತ. ಗೂಟದಲ್ಲಿದ್ದ ಕಂದು ಅಂಗಿ ತಮ್ಮನಿಗೆಂದೇ ಹೊಲಿದ ಹಾಗಿತ್ತು. ತಾತ ಸಣಕಲು, ಅವನಿಗಾಗಬೇಕಾದರೆ ಎರಡೂ ಪಕ್ಕ ಹಿಡಿಯಬೇಕು. ನನ್ನ ಹೊಟ್ಟೆಗಂತೂ ಅದು ಆಗುತ್ತಿರಲಿಲ್ಲ, ಆ ಮಟ್ಟಿಗೆ ನಾನು ಹೊಟ್ಟೆಗೆ ಋಣಿ.

ಅಕ್ಕ ಅಂಗಿಯ ಪಕ್ಕಕ್ಕೆ ಪಿನ್ನು ಚುಚ್ಚತೊಡಗಿದಳು. ಬಾಗಿಲಲ್ಲಿ ತಾತ ನಿಂತಿದ್ದ.

"ನನ್ನ ಅಳತೇನಮ್ಮ ಅದು?" ಅಂದ.

ಅವಳು ಇನ್ನೊಂದು ಪಿನ್ನು ಚುಚ್ಚಿದಳು.

"ಇಲ್ಲಿ ಬಿಟ್ರೆ ಈ ವಯಸ್ಸಲ್ಲಿ ನನ್ನ ಇನ್ಯಾರು ನಿಲ್ಲಿಸ್ಕೋತಾರೆ?"

ಅವನು ಬೇಡಿಕೊಳ್ಳಲಿಲ್ಲ, ಸುಮ್ಮನೆ ಕೇಳಿದ. ಅದೇ ಹೆಚ್ಚು ಸಂಕಟವಾಗಿತ್ತು. ಹೊರಗೆ ಸಹಾಯಕ ಕೂಗುತ್ತಿದ್ದ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಆ ಪುಟ್ಟ ಕೋಣೆಯಲ್ಲಿ ಎರಡೂ ಇದ್ದವು.

ಅಕ್ಕ ಪಿನ್ನುಗಳನ್ನೆಲ್ಲ ಕಿತ್ತಳು. ಪರದೆಯ ಹಿಂದೆ ಹೋಗಿ ಆ ಅಂಗಿಯನ್ನು ತಾನೇ ತೊಟ್ಟು ಬಂದಳು. "ಹೆಂಗಸರು ಕಾವಲು ಕಾಯಬಾರದು ಅಂತ ಎಲ್ಲಾದರೂ ಇದೆಯಾ?" ಎಂದು ಸಹಾಯಕನ ಬಾಯಿ ಮುಚ್ಚಿಸಿ, ಹೋಗಿ ಸತ್ತಳು. ಬೀಳುವಾಗಲೂ ಅಂಗಿಯ ಅಂಚು ಎಳೆದುಕೊಳ್ಳುತ್ತಿದ್ದಳೆಂದು ಮತ್ತೆ ಮತ್ತೆ ಸಾಯಬೇಕಾಯಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ತಮ್ಮ ಮಾತ್ರ ಮೂಲೆಯಲ್ಲಿ ಕಣ್ಣೊರೆಸಿಕೊಂಡ. ತಾತ ಅವಳನ್ನೇ ನೋಡುತ್ತಿದ್ದ.

ಮುಂದಿನ ವಾರ ಸಹಾಯಕ ಮತ್ತೆ ಬಂದ.

"ಹೊಸಬರನ್ನ ಕರೆಸೋದಕ್ಕೆ ಮೇಲಿನವರು ಒಪ್ತಿಲ್ಲ. ಹಳದಿಯಲ್ಲೇ ಒಬ್ಬರನ್ನ ಕೊಡಿ. ನೀವಂತೂ ಸತ್ತಿದ್ದೀರಿ."

ಅಕ್ಕ ಕೊರಳಿನ ಅಳತೆ ಟೇಪನ್ನು ಕೈಗೆ ತೆಗೆದುಕೊಂಡಳು. ಅಂಗಿಗೆಂದು ತಿರುಗಿದರೆ ಗೂಟ ಖಾಲಿ.

ಅಷ್ಟರಲ್ಲಿ ತಾತ ಒಳಗೆ ಬಂದ. ಕಂದು ಅಂಗಿ ಅವನ ಮೈಮೇಲಿತ್ತು. ಎರಡೂ ಪಕ್ಕ ತಾನೇ ಹಿಡಿದು ಹೊಲಿದುಕೊಂಡಿದ್ದ. ಹೊಲಿಗೆ ಸೊಟ್ಟಂಬಟ್ಟ.

"ನಿನ್ನ ಕೈಲಿ ಇದಾಗಲ್ಲ ಅಂತ ಹೋದ ವಾರವೇ ನೋಡಿದೆನಲ್ಲ ಮಗಳೇ" ಅಂದ. "ನಿನ್ನ ತಮ್ಮನ ಮನೇಲಿ ಕೂಸು ಬಂದಿದೆಯಂತೆ."

ಅಕ್ಕ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಆ ಸೊಟ್ಟ ಹೊಲಿಗೆಯನ್ನೆಲ್ಲ ಬಿಚ್ಚಿ, ಮೈಮೇಲೆಯೇ ಹೊಸದಾಗಿ ಹಾಕತೊಡಗಿದಳು.

"ಅಕ್ಕಾ, ಆಯ್ತಾ?" ಹೊರಗಿನಿಂದ ಕೂಗು ಬಂತು.

"ಇನ್ನೂ ಇಲ್ಲ" ಅಂದಳು.

ಅವಳು ಅಷ್ಟು ನಿಧಾನವಾಗಿ ಹೊಲಿದದ್ದನ್ನು ನಾನು ಅದಕ್ಕೆ ಮೊದಲು ಯಾವತ್ತೂ ನೋಡಿರಲಿಲ್ಲ.